ಒಂದು ಸ್ಟಾಪ್ ಬೆಳಕಿನ ಬೆಲೆ

ಕ್ಯಾನನ್ ಕಂಪನಿಯ ಇಎಫ್ ಸರಣಿಯ ಎರಡು ಜೂಮ್ ಲೆನ್ಸ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡೂ 70–200 ಮಿ.ಮೀ. ಲೆನ್ಸ್‌ಗಳೇ, ಎರಡರಲ್ಲೂ ಕೈನಡುಕ ಸರಿಪಡಿಸುವ ವ್ಯವಸ್ಥೆ ಇದೆ. 2006ರಲ್ಲಿ ಬಂದ ಒಂದರ ತೂಕ 760 ಗ್ರಾಂ, 2010ರಲ್ಲಿ ಬಂದ ಇನ್ನೊಂದರದು 1,490 ಗ್ರಾಂ. ದೂರದ ವಸ್ತುವನ್ನು ಎರಡೂ ಒಂದೇ ಅಳತೆಗೆ ಹತ್ತಿರ ತರುತ್ತವೆ. ವ್ಯತ್ಯಾಸವೆಲ್ಲ ಬೆಳಕಿನ ಕಿಂಡಿಯಾದ ಅಪರ್ಚರ್‌ನಲ್ಲಿ. ಹಗುರವಾದದ್ದು ಎಫ್/4ರವರೆಗೆ ತೆರೆದುಕೊಳ್ಳುತ್ತದೆ, ಭಾರದ್ದು ಎಫ್/2.8ರವರೆಗೆ. ಫೋಟೊಗ್ರಾಫರ್‌ಗಳ ಮಾತಿನಲ್ಲಿ ಇದು ಒಂದೇ ಒಂದು ಸ್ಟಾಪ್. ಅಂದರೆ ಸೆನ್ಸರ್ ಮೇಲೆ ಬೀಳುವ ಬೆಳಕು ಇಮ್ಮಡಿ. ಅದಕ್ಕಾಗಿ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗಿದೆ, ಬೆಲೆಯೂ ಅದೇ ದಾರಿ ಹಿಡಿದಿದೆ.

ಹಾಗಾಗಿ ವೃತ್ತಿಪರ ಟೆಲಿಫೋಟೊ ಜೂಮ್ ಲೆನ್ಸನ್ನು ಪರೀಕ್ಷಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ದುಡ್ಡು ಕೊಟ್ಟು ಕೊಂಡ ಆ ಕೊನೆಯ ಸ್ಟಾಪ್ ನಿಜಕ್ಕೂ ಬಳಕೆಗೆ ಬರುತ್ತದೆಯೇ?

ಎಫ್ ಸಂಖ್ಯೆ ಎಂದರೆ ಲೆನ್ಸಿನ ನಾಭಿದೂರವನ್ನು ಅದರ ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಉತ್ತರ. 200 ಮಿ.ಮೀ. ಲೆನ್ಸ್ ಎಫ್/4 ಆಗಲು 50 ಮಿ.ಮೀ. ಕಿಂಡಿ ಸಾಕು. ಎಫ್/2.8 ಆಗಲು ಸುಮಾರು 71 ಮಿ.ಮೀ. ಬೇಕು. ಗಾಜು ಅಗಲವಾದಂತೆ ದಪ್ಪವೂ ಆಗಬೇಕು, ಅದನ್ನು ಹೊರುವ ಲೋಹದ ಕೊಳವೆಯೂ ಹಿಗ್ಗಬೇಕು. ತೂಕ ಏರುವುದು ಹೀಗೆ. ಅದಕ್ಕಿಂತ ದೊಡ್ಡ ತೊಡಕು ಬೆಳಕಿನದು. ಮಸೂರದ ಅಂಚಿನಲ್ಲಿ ಹಾಯುವ ಕಿರಣಗಳನ್ನು ನಡುವಿನ ಕಿರಣಗಳಿಗಿಂತ ಹೆಚ್ಚು ಬಾಗಿಸಬೇಕು. ಬಾಗಿಸಿದಷ್ಟೂ ದೋಷಗಳು ಏಳುತ್ತವೆ.

ಅವುಗಳಲ್ಲಿ ಟೆಲಿಫೋಟೊವನ್ನು ಹೆಚ್ಚು ಕಾಡುವುದು ಬಣ್ಣದ ದೋಷ. ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ಎರಡು ಬಗೆಯ ಗಾಜನ್ನು ಜೋಡಿಸಿ ಎರಡು ಬಣ್ಣಗಳನ್ನು ಒಂದೇ ಬಿಂದುವಿಗೆ ತರುವ ಮಸೂರಕ್ಕೆ ಲಂಡನ್ನಿನ ಜಾನ್ ಡಾಲೆಂಡ್ 1758ರಲ್ಲಿ ಪೇಟೆಂಟ್ ಪಡೆದ. ಆದರೂ ಉಳಿದ ಬಣ್ಣಗಳು ಸ್ವಲ್ಪ ಆಚೀಚೆ ಬೀಳುತ್ತವೆ, ನಾಭಿದೂರ ಹೆಚ್ಚಿದಂತೆ ಆ ಸ್ವಲ್ಪವೂ ಹಿಗ್ಗುತ್ತದೆ. ಇದಕ್ಕೆ ಒಳ್ಳೆಯ ಮದ್ದು ಫ್ಲೋರೈಟ್ ಹರಳು. ಅದು ಬಣ್ಣಗಳನ್ನು ಚೆದುರಿಸುವುದು ಬಹಳ ಕಡಿಮೆ. ಜರ್ಮನಿಯ ಅರ್ನ್ಸ್ಟ್ ಅಬೆ ಇದನ್ನು 1880ರ ದಶಕದಲ್ಲೇ ಸೂಕ್ಷ್ಮದರ್ಶಕದಲ್ಲಿ ಬಳಸಿದ್ದರು. ಆದರೆ ಪ್ರಕೃತಿಯಲ್ಲಿ ಸಿಗುವ ಶುದ್ಧ ಹರಳುಗಳು ಕ್ಯಾಮೆರಾ ಲೆನ್ಸಿಗೆ ಸಾಲದಷ್ಟು ಚಿಕ್ಕವು. ಹರಳನ್ನು ಕೃತಕವಾಗಿ ಬೆಳೆಸಿ ಕ್ಯಾನನ್ 1969ರಲ್ಲಿ 300 ಮಿ.ಮೀ. ಲೆನ್ಸ್ ತಂದಿತು. ಮೇಲೆ ಹೇಳಿದ ಭಾರದ ಲೆನ್ಸಿನಲ್ಲೂ ಒಂದು ಫ್ಲೋರೈಟ್ ಮಸೂರವಿದೆ, ಬಣ್ಣ ಕಡಿಮೆ ಚೆದುರಿಸುವ ವಿಶೇಷ ಗಾಜಿನ ಮಸೂರಗಳು ಐದಿವೆ.

ಆ ಲೆನ್ಸಿನಲ್ಲಿ ಒಟ್ಟು ಮಸೂರಗಳು 23. ಕೆಲವನ್ನು ಅಂಟಿಸಿರುವುದರಿಂದ ಗುಂಪುಗಳು 19. ಗಾಳಿಗೆ ತೆರೆದ ಮೈಗಳು 38. ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಲೆಕ್ಕ ಹಾಕಿದರೆ 38 ಮೈ ದಾಟಿ ಸೆನ್ಸರ್ ತಲುಪುವುದು ಐದರಲ್ಲಿ ಒಂದು ಪಾಲು ಮಾತ್ರ! ಉಳಿದದ್ದರಲ್ಲಿ ಒಂದಷ್ಟು ಒಳಗೇ ಅಲೆದಾಡಿ ಚಿತ್ರದ ಮೇಲೆ ಮಂಜು ಕವಿಸುತ್ತಿತ್ತು. ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ 1935ರಲ್ಲಿ ರೂಪಿಸಿದ ತೆಳು ಲೇಪನದ ವಿದ್ಯೆ ಇಲ್ಲದಿದ್ದರೆ ಇಂಥ ಜೂಮ್ ಹುಟ್ಟುತ್ತಲೇ ಇರಲಿಲ್ಲ. ಪ್ರತಿ ಮೈಯ ನಷ್ಟ ಶೇ 0.5ಕ್ಕೆ ಇಳಿದರೂ ಶೇ 80ಕ್ಕಿಂತ ಹೆಚ್ಚು ಬೆಳಕು ಒಳಗೆ ಬರುತ್ತದೆ.

ಪರೀಕ್ಷೆಗೆ ಪ್ರಯೋಗಾಲಯವೇ ಬೇಕೆಂದಿಲ್ಲ. ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಗೋಡೆಗೆ ಚಪ್ಪಟೆಯಾಗಿ ಅಂಟಿಸಿ. ಫ್ರೇಮಿನ ಮೂಲೆ ಮೂಲೆಯೂ ತುಂಬಿರಲಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಗೋಡೆಗೆ ಸರಿಯಾಗಿ ಎದುರಾಗಿ ನಿಲ್ಲಿಸಿ. ಕೈನಡುಕ ಸರಿಪಡಿಸುವ ಸ್ಟೆಬಿಲೈಸೇಷನ್ ಆಫ್ ಮಾಡಿ, ಟೈಮರ್ ಹಾಕಿ, ಬೆರಳ ಅದುರು ತಾಗದಂತೆ ಕ್ಲಿಕ್ಕಿಸಿ. 70, 135, 200 ಮಿ.ಮೀ.ಗಳಲ್ಲಿ, ಪ್ರತಿಯೊಂದರಲ್ಲೂ ಎಫ್/2.8ರಿಂದ ಎಫ್/8ರವರೆಗೆ ತೆಗೆಯಿರಿ.

ಎಫ್/8ರಲ್ಲಿ ಅಕ್ಷರಗಳು ಚೂಪಾಗಿ ಕಂಡರೆ ಹಿಗ್ಗಬೇಕಿಲ್ಲ, ಅಲ್ಲಿ ಸಾಧಾರಣ ಲೆನ್ಸೂ ಚೆನ್ನಾಗಿರುತ್ತದೆ. ಇನ್ನೂ ಕಿರಿದಾಗಿಸಿದರೆ ಬೆಳಕು ಕಿಂಡಿಯ ಅಂಚಿನಲ್ಲಿ ಹರಡಿಕೊಳ್ಳುತ್ತದೆ: ಎಫ್/16ರಲ್ಲಿ ಒಂದು ಬಿಂದು ಸುಮಾರು 21 ಮೈಕ್ರಾನ್ ಅಗಲದ ಚುಕ್ಕೆಯಾಗುತ್ತದೆ. 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಸೆನ್ಸರಿನ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್. ಅಲ್ಲಿ ಎಷ್ಟು ದುಬಾರಿ ಗಾಜೂ ನೆರವಾಗದು. ತೀರ್ಪು ಆಗಬೇಕಾದದ್ದು 200 ಮಿ.ಮೀ., ಎಫ್/2.8ರಲ್ಲಿ.

ನಾಲ್ಕು ಮೂಲೆಗಳನ್ನೂ ಹೋಲಿಸಿ. ನಾಲ್ಕೂ ಒಂದೇ ರೀತಿ ಸ್ವಲ್ಪ ಮಸುಕಾಗಿದ್ದರೆ ಅದು ಬಹುಮಟ್ಟಿಗೆ ವಿನ್ಯಾಸದ ಮಿತಿ. ಒಂದೇ ಮೂಲೆ ಮಸುಕಾಗಿದ್ದರೆ ಕ್ಯಾಮೆರಾ ಗೋಡೆಗೆ ನೇರವಾಗಿದೆಯೇ ಎಂದು ಮತ್ತೆ ನೋಡಿ. ಆಮೇಲೂ ಹಾಗೇ ಇದ್ದರೆ ಒಳಗಿನ ಯಾವುದೋ ಮಸೂರ ಓರೆಯಾಗಿ ಕೂತಿರಬಹುದು. ಲೆನ್ಸಿನ ಚೂಪುತನ ತೋರಿಸಲು ಕಂಪನಿಗಳು ಕೊಡುವ ಎಂಟಿಎಫ್ ಗ್ರಾಫುಗಳಲ್ಲಿ ಇದು ಗೊತ್ತಾಗುವುದಿಲ್ಲ. ಹಲವು ಗ್ರಾಫುಗಳು ಕಂಪ್ಯೂಟರ್ ಲೆಕ್ಕದಿಂದ ಬಂದವು, ನಿಮ್ಮ ಕೈಯಲ್ಲಿರುವ ಲೆನ್ಸನ್ನು ಅಳೆದು ಬರೆದವಲ್ಲ. ಬಣ್ಣದ ದೋಷಕ್ಕೆ ಬಿಳಿ ಆಕಾಶದೆದುರಿನ ಒಣ ಕೊಂಬೆಗಳ ಫೋಟೊ ತೆಗೆದು ನೇರಳೆ ಅಂಚು ಹುಡುಕಿ. ಲೇಪನದ ಗುಣ ತಿಳಿಯಲು ದೀಪವೊಂದನ್ನು ಫ್ರೇಮಿನ ಮೂಲೆಗೆ ತನ್ನಿ. ದೂರದ ದೃಶ್ಯಗಳ ಪರೀಕ್ಷೆ ಬೆಳಗಿನ ಹೊತ್ತೇ ಮುಗಿಯಲಿ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿಯೇ ಚಿತ್ರವನ್ನು ಕಲಕುತ್ತದೆ, ತಪ್ಪು ಲೆನ್ಸಿನ ತಲೆಗೆ ಬರುತ್ತದೆ.

ಹತ್ತಿರದ ಫೋಕಸನ್ನೂ ನೋಡಬೇಕು. ನಿಕಾನ್ 2009ರಲ್ಲಿ ತಂದ 70–200 ಎಫ್/2.8 ಲೆನ್ಸಿನ ಅತಿ ಸಮೀಪದ ಫೋಕಸ್ ದೂರ 1.4 ಮೀಟರ್. ಅಲ್ಲಿ ಅದು ವಸ್ತುವನ್ನು ಸೆನ್ಸರ್ ಮೇಲೆ 0.12 ಪಟ್ಟು ಅಳತೆಯಲ್ಲಿ ಮೂಡಿಸುತ್ತಿತ್ತು. ನಿಜವಾದ 200 ಮಿ.ಮೀ. ಲೆನ್ಸ್ ಅಷ್ಟು ದೂರದಿಂದ ಸುಮಾರು 0.21 ಪಟ್ಟು ಮೂಡಿಸಬೇಕು. ಅಂದರೆ ಆ ದೂರದಲ್ಲಿ ಅದು ನಡೆದುಕೊಳ್ಳುತ್ತಿದ್ದುದು ಸುಮಾರು 135 ಮಿ.ಮೀ. ಲೆನ್ಸಿನಂತೆ. ಲೆನ್ಸಿನ ಉದ್ದ ಬದಲಾಗದಂತೆ ಒಳಗಿನ ಗಾಜನ್ನಷ್ಟೇ ಸರಿಸಿ ಫೋಕಸ್ ಮಾಡುವ ವಿಧಾನಕ್ಕೆ ತೆತ್ತ ಬೆಲೆ ಇದು. ದೂರದಿಂದ ಆಟ ತೆಗೆಯುವವರಿಗೆ ಇದು ತಟ್ಟದು. ಮುಖಚಿತ್ರ ತೆಗೆಯುವವರಿಗೆ ತಟ್ಟುತ್ತದೆ. 2016ರ ಆವೃತ್ತಿಯಲ್ಲಿ ನಿಕಾನ್ ಇದನ್ನು ಬಹುಪಾಲು ಸರಿಪಡಿಸಿತು.

ಇನ್ನು ಸ್ಟೆಬಿಲೈಸೇಷನ್. ಒಳಗಿನ ಒಂದು ಮಸೂರ ಗುಂಪು ಕೈನಡುಕಕ್ಕೆ ಎದುರಾಗಿ ಸರಿದು ಚಿತ್ರವನ್ನು ಹಿಡಿದು ನಿಲ್ಲಿಸುತ್ತದೆ. ನಾಲ್ಕು ಸ್ಟಾಪ್ ಲಾಭವೆಂದರೆ, 1/200 ಸೆಕೆಂಡ್ ಬೇಕಿದ್ದ ಕಡೆ 1/12ರಲ್ಲೂ ಕೈಯಲ್ಲೇ ತೆಗೆಯಬಹುದು. ಹಾಗಿದ್ದರೆ ಎಫ್/4 ಸಾಕಲ್ಲವೇ? ದೇವಸ್ಥಾನದ ಕೆತ್ತನೆಗೆ ಧಾರಾಳವಾಗಿ ಸಾಕು. ಆದರೆ ಯಕ್ಷಗಾನದ ರಂಗದಲ್ಲಿ ದಿಗಿಣ ಹಾಕುವ ಕಲಾವಿದ 1/12 ಸೆಕೆಂಡಿಗೆ ನಿಲ್ಲುವುದಿಲ್ಲ. ಸ್ಟೆಬಿಲೈಸೇಷನ್ ತಡೆಯುವುದು ನಮ್ಮ ಕೈಯ ಚಲನೆಯನ್ನು, ಅವನದ್ದನ್ನಲ್ಲ. ಎಫ್/4ರಲ್ಲಿ 1/250 ಸಿಗುವ ಬೆಳಕಿನಲ್ಲಿ ಎಫ್/2.8 ನಮಗೆ 1/500 ಕೊಡುತ್ತದೆ. ಆ ಒಂದು ಸ್ಟಾಪನ್ನು ಸೆನ್ಸರಿನ ಬೆಳಕಿನ ಸಂವೇದನೆಯಾದ ಐಎಸ್‌ಒ ಏರಿಸಿಯೂ ಪಡೆಯಬಹುದು, ಇಂದಿನ ಸೆನ್ಸರ್‌ಗಳು ಅಷ್ಟು ಪಳಗಿವೆ. ಐಎಸ್‌ಒದಿಂದ ಸಿಗದಿರುವುದು ಹಿನ್ನೆಲೆಯ ಮಸುಕು, ಎಫ್/2.8ರಲ್ಲಿ ಮಸುಕಿನ ವೃತ್ತಗಳ ವ್ಯಾಸ ಶೇ 40ರಷ್ಟು ದೊಡ್ಡದು.

ಮದುವೆ, ರಂಗಭೂಮಿ, ಒಳಾಂಗಣ ಆಟಗಳಿಂದ ಹೊಟ್ಟೆ ಹೊರೆಯುವವರಿಗೆ ಎಫ್/2.8 ಕೊಟ್ಟ ದುಡ್ಡನ್ನು ದುಡಿದು ಕೊಡುತ್ತದೆ. ಹಗಲಿನಲ್ಲಿ ಬೆಟ್ಟ, ಊರು, ಜಾತ್ರೆ ತೆಗೆಯುವವರಿಗೆ ಎಫ್/4 ಜಾಣ ಆಯ್ಕೆ, ಕುತ್ತಿಗೆಗೂ ಹಿತ. ಯಾವುದೆಂದು ತೀರ್ಮಾನಿಸುವ ಮುನ್ನ ನಿಮ್ಮದೇ ಹಳೆಯ ಫೋಟೊಗಳನ್ನು ತೆರೆದು ಪ್ರತಿಯೊಂದರ ಜೊತೆ ದಾಖಲಾಗಿರುವ ಅಪರ್ಚರ್ ಸಂಖ್ಯೆಯನ್ನು ನೋಡಿ. ಹೆಚ್ಚಿನವು 5.6, 8 ಎಂದಿದ್ದರೆ ಮುಕ್ಕಾಲು ಕೆಜಿ ಹೆಚ್ಚುವರಿ ಗಾಜನ್ನು ನೀವು ಹೊರಬೇಕಿಲ್ಲ.