ಎಲೆ ಮುಟುರಿದೆ, ಯಾವ ಕಡೆಗೆ?

ಮೆಣಸಿನ ಗಿಡ ಮುಟುರಿದೆ ಎಂದು ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ, ‘ಮೇಲಕ್ಕೋ, ಕೆಳಕ್ಕೋ?’ ಬಹಳ ಜನಕ್ಕೆ ಉತ್ತರ ಗೊತ್ತಿರುವುದಿಲ್ಲ. ಎಲೆ ಕೆಟ್ಟಿದೆ ಎಂಬುದಷ್ಟೇ ಕಣ್ಣಿಗೆ ಬಿದ್ದಿರುತ್ತದೆ. ಅದು ಯಾವ ಕಡೆಗೆ ಮಡಚಿಕೊಂಡಿದೆ ಎಂದು ನೋಡುವ ಮೊದಲೇ ಔಷಧಿಯ ಯೋಚನೆ ಶುರುವಾಗಿರುತ್ತದೆ.

ನಾನು ಹಾವೇರಿ ಜಿಲ್ಲೆಯಲ್ಲಿ ತೋಟಗಾರಿಕೆ ಇಲಾಖೆಯ ನೌಕರಿ ಮಾಡಿ ನಿವೃತ್ತಳಾದವಳು. ಅದು ಬ್ಯಾಡಗಿ ಮೆಣಸಿನಕಾಯಿಯ ಸೀಮೆ. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಆ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಹೊಲದ ಬದುವಿನ ಮೇಲೆ ನಿಂತು ರೈತರು, ‘ಮುಟುರು ಬಿದ್ದೈತ್ರಿ ಮೇಡಂ, ಯಾವ ಎಣ್ಣಿ ಹೊಡೀಲಿ ಹೇಳ್ರಿ’ ಅನ್ನುತ್ತಿದ್ದರು. ಈಗ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಲಿಫ್ಟಿನಲ್ಲಿ ಸಿಕ್ಕವರು, ‘ಆಂಟಿ, ಬಾಲ್ಕನಿಯ ಮೆಣಸಿನ ಗಿಡದ ಎಲೆ ಹೆಂಗೆಂಗೋ ಆಗಿದೆ, ಏನು ಸ್ಪ್ರೇ ಮಾಡಲಿ?’ ಎಂದು ಮೊಬೈಲ್ ಮುಂದೆ ಹಿಡಿಯುತ್ತಾರೆ. ಫೋಟೊದಲ್ಲಿ ಇರುವುದು ಗಿಡದಲ್ಲೇ ಅತ್ಯಂತ ಕೆಟ್ಟುಹೋದ, ದೊಡ್ಡ ಎಲೆ. ನನಗೆ ಬೇಕಾದದ್ದು ತುದಿಯ ಕುಡಿ.

ಯಾಕೆಂದರೆ ಎಲೆ ರೂಪುಗೊಳ್ಳುವುದು ಕುಡಿಯಲ್ಲಿ. ಅಲ್ಲಿ ಜೀವಕೋಶಗಳು ಒಡೆದು ಎರಡಾಗುತ್ತ, ಹಿಗ್ಗುತ್ತ ಇರುತ್ತವೆ. ಆ ಹೊತ್ತಿನಲ್ಲಿ ಒಂದು ಬದಿಯ ರಸ ಹೀರಿದರೆ ಆ ಬದಿ ಬೆಳೆಯುವುದಿಲ್ಲ, ಇನ್ನೊಂದು ಬದಿ ಬೆಳೆಯುತ್ತದೆ, ಎಲೆ ತಿರುಚಿಕೊಳ್ಳುತ್ತದೆ. ಬಲಿತ ಎಲೆಯನ್ನು ಎಷ್ಟು ಹೀರಿದರೂ ಚುಕ್ಕೆ ಬಿದ್ದೀತು, ಬಣ್ಣಗೆಟ್ಟೀತು, ಆದರೆ ಆಕಾರ ಅಷ್ಟಾಗಿ ಕೆಡುವುದಿಲ್ಲ. ಹಾಗಾಗಿ ನೀವು ಇವತ್ತು ನೋಡುತ್ತಿರುವ ವಕ್ರ ಎಲೆ ಹಿಂದೆ ಯಾವಾಗಲೋ, ಅದು ಇನ್ನೂ ಮೊಗ್ಗಿನಷ್ಟಿದ್ದಾಗ ತಿಂದ ಪೆಟ್ಟು. ಪೆಟ್ಟು ಕೊಟ್ಟವರು ಆ ಎಲೆಯನ್ನು ಬಿಟ್ಟು ಮೇಲಿನ ಹೊಸ ಚಿಗುರಿಗೆ ಹೋಗಿಯಾಗಿರುತ್ತದೆ. ಕೆಟ್ಟ ಎಲೆಯನ್ನು ಕಿತ್ತು ತಂದು ಭೂತಗನ್ನಡಿ ಹಿಡಿದರೆ ಏನೂ ಕಾಣುವುದಿಲ್ಲ. ‘ಹುಳ ಇಲ್ಲ, ಗೊಬ್ಬರ ಕಡಿಮೆಯಾಗಿದೆ’ ಎಂಬ ತಪ್ಪು ತೀರ್ಮಾನ ಹುಟ್ಟುವುದು ಇಲ್ಲೇ.

ಇನ್ನು ದಿಕ್ಕಿನ ವಿಷಯ. ಎಲೆಯ ಅಂಚುಗಳು ಮೇಲಕ್ಕೆ ಎದ್ದು ದೋಣಿಯಂತಾಗಿದ್ದರೆ ಮೊದಲ ಅನುಮಾನ ಥ್ರಿಪ್ಸ್ ಮೇಲೆ. ಅಂಚುಗಳು ಕೆಳಕ್ಕೆ ಬಾಗಿ ದೋಣಿ ಕವುಚಿ ಹಾಕಿದಂತಿದ್ದರೆ, ಜೊತೆಗೆ ಎಲೆತೊಟ್ಟು ಉದ್ದವಾಗಿ ಎಲೆಯ ಅಲಗು ಕಿರಿದಾಗಿದ್ದರೆ, ಮೈಟ್ ನುಸಿ. ಮೆಣಸಿನ ಹೊಲದಲ್ಲಿ ದಶಕಗಳಿಂದ ನಡೆದುಕೊಂಡು ಬಂದಿರುವ ಲೆಕ್ಕ ಇದು. ಎರಡೂ ಒಟ್ಟಿಗೇ ಬಂದಿದ್ದರೆ ಎಲೆ ಎರಡೂ ಕಡೆ ಎಳೆದಾಡಿ ಗುರುತೇ ಸಿಗದ ಹಾಗಾಗುತ್ತದೆ, ಅದೂ ಅಪರೂಪವೇನಲ್ಲ. ಆದರೂ ಮನೆಯ ಕುಂಡಗಳಲ್ಲಿ ಸಾಮಾನ್ಯವಾಗಿ ಒಬ್ಬರದೇ ಕಾರುಬಾರು.

ಥ್ರಿಪ್ಸ್ ಪತ್ತೆ ಸುಲಭ. ಕುಡಿಯ ಕೆಳಗೆ ಒಂದು ಬಿಳಿ ಹಾಳೆ ಹಿಡಿದು ಟೊಂಗೆಯನ್ನು ನಾಲ್ಕು ಸಲ ತಟ್ಟಿ. ಒಂದು ಮಿಲಿಮೀಟರಿನಷ್ಟು ಉದ್ದದ, ತೆಳ್ಳನೆಯ ಹಳದಿ ಕೀಟಗಳು ಬಿದ್ದು ಓಡಾಡತೊಡಗುತ್ತವೆ. ಕಣ್ಣು ಚೆನ್ನಾಗಿದ್ದರೆ ಕನ್ನಡಕವೂ ಬೇಡ. ಹೂವನ್ನು ಬಿಡಿಸಿಯೂ ನೋಡಬೇಕು, ಅದರಲ್ಲೂ ಈಚಿನ ವರ್ಷಗಳಲ್ಲಿ. ಹಿಂದೆ ನಮಗೆ ಗೊತ್ತಿದ್ದದ್ದು ಎಲೆ ತಿನ್ನುವ ಹಳದಿ ಥ್ರಿಪ್ಸ್. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರಗಿನ ಜಾತಿ ಭಾರತದಲ್ಲಿ ಮೊದಲು ದಾಖಲಾದದ್ದು ಬೆಂಗಳೂರಿನ ಪಪ್ಪಾಯದ ಮೇಲೆ, 2015ರಲ್ಲಿ. ಆಗ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. 2021ರ ಕೊನೆಯ ಹೊತ್ತಿಗೆ ಆಂಧ್ರ, ತೆಲಂಗಾಣದ ಮೆಣಸಿನ ಹೊಲಗಳನ್ನು ಹೊಕ್ಕು, ನಮ್ಮ ಬಳ್ಳಾರಿ, ರಾಯಚೂರಿನ ಕಡೆಯೂ ಹೂವೆಲ್ಲ ಉದುರಿಸಿತು. ಕಪ್ಪಗಿನ ಈ ಥ್ರಿಪ್ಸ್‌ಗೆ ಹೂವೇ ಇಷ್ಟ. ಹಗಲೆಲ್ಲ ಹೂವಿನೊಳಗೆ ಕುಳಿತಿರುತ್ತದೆ. ಎಲೆಯ ಮೇಲೆ ಹೊಡೆದ ಔಷಧಿ ಅದನ್ನು ಮುಟ್ಟುವುದೇ ಕಷ್ಟ.

ಮೈಟ್ ನುಸಿಯದು ಬೇರೆಯೇ ಕತೆ. ಅದು ಕೀಟವಲ್ಲ. ಎಂಟು ಕಾಲಿನ ಜೀವಿ, ಜೇಡ, ಉಣ್ಣೆಗಳ ಬಳಗದ್ದು. ಹೆಣ್ಣು ನುಸಿಯ ಉದ್ದ ಸುಮಾರು 0.2 ಮಿಲಿಮೀಟರ್. ಬರಿಗಣ್ಣಿಗೆ ಕಾಣದು, ಹತ್ತು ಪಟ್ಟು ದೊಡ್ಡದು ಮಾಡುವ ಅಗ್ಗದ ಲೆನ್ಸಿನಲ್ಲೂ ಮಿಣುಕು ಚುಕ್ಕೆಯಷ್ಟೆ. ಇಪ್ಪತ್ತು ಪಟ್ಟಾದರೂ ಬೇಕು. ಅಂಥ ಲೆನ್ಸ್ ಕೈಯಲ್ಲಿದ್ದರೆ ನಾನು ನುಸಿಯನ್ನು ಹುಡುಕುವುದಿಲ್ಲ, ಮೊಟ್ಟೆಯನ್ನು ಹುಡುಕುತ್ತೇನೆ. ಎಳೆ ಎಲೆಯ ತಳಭಾಗದಲ್ಲಿ, ನರಗಳ ಮಗ್ಗುಲಲ್ಲಿ, ಗಾಜಿನ ಹಾಗೆ ಪಾರದರ್ಶಕವಾದ ಮೊಟ್ಟೆ. ಮೇಲೆ ಬಿಳಿ ಚುಕ್ಕೆಗಳ ಸಾಲುಗಳು. ಆ ಚುಕ್ಕೆಯ ಸಾಲು ಕಂಡಿತೆಂದರೆ ಮತ್ತೆ ವಾದವಿಲ್ಲ. ನುಸಿ ಓಡಾಡುತ್ತದೆ, ಮೊಟ್ಟೆ ಓಡಾಡುವುದಿಲ್ಲ ಎಂಬುದೂ ಒಂದು ಅನುಕೂಲ.

ನಮ್ಮಲ್ಲಿ ಹಳದಿ ನುಸಿ ಅನ್ನುವ ಇದರ ವೈಜ್ಞಾನಿಕ ಹೆಸರು ಪಾಲಿಫ್ಯಾಗೊಟಾರ್ಸೊನೀಮಸ್ ಲೇಟಸ್. ಜೀವಿ ಚಿಕ್ಕದಾದಷ್ಟೂ ಹೆಸರು ಉದ್ದ. 1890ರಲ್ಲಿ ಸಿಲೋನಿನ ಚಹಾ ತೋಟದಲ್ಲಿ ಇದನ್ನು ಗುರುತಿಸಿದ್ದರು. 1904ರಲ್ಲಿ ವಾಷಿಂಗ್ಟನ್ನಿನ ಗಾಜಿನ ಮನೆಯೊಂದರಲ್ಲಿ ಬೆಳೆಸಿದ್ದ ಮಾವಿನ ಕುಡಿಯಲ್ಲಿ ಸಿಕ್ಕದ್ದನ್ನು ನೇಥನ್ ಬ್ಯಾಂಕ್ಸ್ ಎಂಬ ವಿಜ್ಞಾನಿ ವಿವರಿಸಿದ. ಗಾಜಿನ ಮನೆ, ಕಿಟಕಿ, ಒಳಾಂಗಣ ಇವು ಇದಕ್ಕೆ ಹೇಳಿ ಮಾಡಿಸಿದ ಜಾಗ: ಬೆಚ್ಚಗಿರಬೇಕು, ತೇವ ಇರಬೇಕು, ಸುಡುವ ಬಿಸಿಲು ಇರಬಾರದು, ಜೋರು ಮಳೆ ಮೈಮೇಲೆ ಬೀಳಬಾರದು. ಥ್ರಿಪ್ಸ್ ಒಣ ಹವೆಯ ಗಿರಾಕಿ, ಮೈಟ್ ಮೋಡ ಮುಸುಕಿದ ಹವೆಯದು. ಬೆಚ್ಚಗಿದ್ದರೆ ಮೊಟ್ಟೆಯಿಂದ ಮೊಟ್ಟೆಯಿಡುವ ಹೆಣ್ಣಿನವರೆಗಿನ ಬಾಳು ಒಂದು ವಾರದೊಳಗೆ ಮುಗಿಯುತ್ತದೆ. ಗಂಡು ನುಸಿ ಇನ್ನೂ ಬಲಿಯದ, ಅಲುಗಾಡದೆ ಬಿದ್ದಿರುವ ಹೆಣ್ಣನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊಸ ಚಿಗುರಿಗೆ ಸಾಗಿಸುತ್ತದೆ. ಗಿಡದಿಂದ ಗಿಡಕ್ಕೆ ಹೋಗಬೇಕಾದರೆ ಬಿಳಿನೊಣದ ಕಾಲಿಗೆ ಅಂಟಿಕೊಂಡು ಪುಕ್ಕಟೆ ಸವಾರಿ. ನಿಮ್ಮ ಅಂಗಿಯ ತೋಳೂ ಆದೀತು.

ಹೀರುವಾಗ ಇದು ಬಿಡುವ ಜೊಲ್ಲು ಗಿಡಕ್ಕೆ ವಿಷ. ಆದ್ದರಿಂದ ಬೆರಳೆಣಿಕೆಯ ನುಸಿಗಳಿದ್ದರೂ ಕುಡಿ ಗಟ್ಟಿಯಾಗಿ, ಕಂದಾಗಿ, ಬೆಳವಣಿಗೆ ನಿಂತುಬಿಡುತ್ತದೆ. ನುಸಿ ಸತ್ತ ಮೇಲೂ ಕೆಲವು ವಾರ ವಕ್ರ ಎಲೆಗಳೇ ಬರುತ್ತಿರುತ್ತವೆ. ‘ಔಷಧಿ ಕೆಲಸ ಮಾಡಲಿಲ್ಲ’ ಎಂದು ಮೇಲಿಂದ ಮೇಲೆ ಹೊಡೆಯುವವರು ಸಿಕ್ಕಿಬೀಳುವುದು ಈ ನಡುವಿನ ಕಾಲದಲ್ಲಿ.

ಕೆನಡಾದಲ್ಲಿರುವ ನನ್ನ ಅಕ್ಕನ ಮಗ ಒಮ್ಮೆ ರಾತ್ರಿ ಒಂದು ಫೋಟೊ ಕಳಿಸಿ, ‘ಚಿಕ್ಕಮ್ಮ, ಇದಕ್ಕೇನಾಗಿದೆ?’ ಎಂದು ಕೇಳಿದ. ನೇರಳೆ ಬೆಳಕು, ಐದು ಬೆರಳಿನ ಎಲೆ. ಗಾಂಜಾ ಗಿಡ. ನಾನು ಬೈಯುವ ಮೊದಲೇ ಅವನು ಕಾನೂನು ಹೇಳಿದ: ಅಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರಿಗೆ ಅದು ಕಾನೂನುಬದ್ಧ, ಅವನಿರುವ ಒಂಟಾರಿಯೊದಲ್ಲಿ ಮನೆಗೆ ನಾಲ್ಕು ಗಿಡ ಬೆಳೆಸಬಹುದು. ಇಲ್ಲಿ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಬೆಳೆಸುವುದು ಅಪರಾಧ, ಅದನ್ನು ಓದುಗರಿಗೂ ನೆನಪಿಸಿಬಿಡುತ್ತೇನೆ. ಗಿಡದ ಮಟ್ಟಿಗೆ ಹೇಳುವುದಾದರೆ, ಬ್ಯಾಡಗಿಯ ಹೊಲದಲ್ಲಿ ನೋಡಿದ್ದೇ ಅಲ್ಲಿತ್ತು. ಹೊಸ ಎಲೆಗಳು ಒದ್ದೆಯಾದಂತೆ ಹೊಳೆಯುತ್ತಿದ್ದವು, ಅಂಚು ತಿರುಚಿತ್ತು, ಕೆಳಗಿನ ಎಲೆಗಳು ಚೆನ್ನಾಗಿದ್ದವು. ಅವನು ಕ್ಯಾಲ್ಸಿಯಂ ಕೊರತೆಯೆಂದು ಬಗೆದು ಬಾಟಲಿಗಟ್ಟಲೆ ಪೋಷಕಾಂಶ ಸುರಿದಿದ್ದ. ಲೆನ್ಸ್ ತರಿಸಿಕೊಂಡು ಮೊಟ್ಟೆ ನೋಡು ಅಂದೆ. ಚುಕ್ಕೆಯ ಸಾಲು ಸಿಕ್ಕಿತು.

ಆ ಗಿಡದಲ್ಲಿ ಒಂದು ಹೆಚ್ಚಿನ ತೊಡಕಿದೆ. ಮೆಣಸಿನಕಾಯಿಯನ್ನಾದರೆ ತೊಳೆಯುತ್ತೇವೆ. ಗಾಂಜಾದ ಹೂವನ್ನು ತೊಳೆಯುವುದಿಲ್ಲ, ಸುಟ್ಟು ಹೊಗೆ ಎಳೆಯುತ್ತಾರೆ. ಹೂ ಬಿಟ್ಟ ಮೇಲೆ ಹೊಡೆದದ್ದೆಲ್ಲ ನೇರ ಶ್ವಾಸಕೋಶಕ್ಕೆ. ಹಾಗಾಗಿ ಒಳಾಂಗಣದಲ್ಲಿ ಬೆಳೆಯುವವರು ಅಲ್ಲಿ ನುಸಿಯನ್ನೇ ತಿನ್ನುವ ಪರಭಕ್ಷಕ ನುಸಿಗಳನ್ನು ಕೊಂಡು ಗಿಡಕ್ಕೆ ಬಿಡುತ್ತಾರೆ. ಆಂಬ್ಲಿಸಿಯಸ್ ಸ್ವಿರ್‌ಸ್ಕಿ ಎಂಬ ಜಾತಿ ಪುಟ್ಟ ಚೀಲಗಳಲ್ಲಿ ಮಾರಾಟಕ್ಕಿದೆ. ಥ್ರಿಪ್ಸ್ ಮರಿ, ಬಿಳಿನೊಣದ ಮೊಟ್ಟೆ, ಹಳದಿ ನುಸಿ ಎಲ್ಲವೂ ಅದಕ್ಕೆ ಊಟ. ನಮ್ಮ ಬಾಲ್ಕನಿಗಳಿಗೂ ಅಂಥದ್ದು ಸುಲಭವಾಗಿ ಸಿಗುವಂತಿದ್ದರೆ ನನ್ನ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು.

ಮುಟುರಿದ ಎಲೆ ಚಿಕ್ಕದಾಗಿ, ನರ ದಪ್ಪವಾಗಿ, ಗೆಣ್ಣುಗಳು ಹತ್ತಿರ ಹತ್ತಿರ ಬಂದು ಗಿಡವೇ ಪೊದೆಯಂತೆ ಕುಗ್ಗಿದ್ದರೆ ನನಗೆ ಬೇಸರವಾಗುತ್ತದೆ. ಅದು ಎಲೆ ಮುಟುರು ನಂಜಾಣು, ಬಿಳಿನೊಣದಿಂದ ಬರುವಂಥದ್ದು. ನಂಜು ಹೊಕ್ಕ ಗಿಡಕ್ಕೆ ಮದ್ದಿಲ್ಲ. ಹೊಡೆಯಬೇಕಾದದ್ದೇನಿದ್ದರೂ ಬಿಳಿನೊಣಕ್ಕೆ, ಅದೂ ಮೊದಲೇ. ಕೆಟ್ಟ ಗಿಡವನ್ನು ಕಿತ್ತು ಹಾಕಿ ಎಂದಾಗ ಬಾಲ್ಕನಿಯವರ ಮುಖ ಬಾಡುತ್ತದೆ. ಒಂದೇ ಗಿಡ, ಹೆಸರಿಟ್ಟಿರುತ್ತಾರೆ ಬೇರೆ. ಹೊಲದಲ್ಲಿ ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿ ಬೆಳೆಸಿದ ಸಸಿಯನ್ನೇ ನೆಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಸಸ್ಯಹೇನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಬಚ್ಚಿಟ್ಟುಕೊಳ್ಳುವುದಿಲ್ಲ. ಕುಡಿ ಅಂಟಂಟು, ಇರುವೆ ಸಾಲು, ಎಲೆಯ ಮೇಲೆ ಬಿಳಿ ಪೊರೆ ಬಿಟ್ಟ ಚೂರುಗಳು. ನಲ್ಲಿಯ ನೀರನ್ನು ಜೋರಾಗಿ ಬಿಟ್ಟರೆ ಮುಕ್ಕಾಲು ಪಾಲು ಹೋಗುತ್ತದೆ.

ಹುಳವೇ ಇಲ್ಲದೆಯೂ ಕುಡಿ ಕೆಡುವುದುಂಟು. ಸಾರಜನಕ, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ, ಹಾಗಾಗಿ ಹಳದಿಯಾಗುವುದು ಕೆಳಗಿನ ಎಲೆ. ಕ್ಯಾಲ್ಸಿಯಂ, ಬೋರಾನ್ ಹಾಗೆ ಸಾಗುವುದಿಲ್ಲ. ಅವು ಕಡಿಮೆಯಾದರೆ ಪೆಟ್ಟು ಕುಡಿಗೇ. ನುಸಿಗೂ ಇದಕ್ಕೂ ವ್ಯತ್ಯಾಸ ತಿಳಿಯಲು ನಾನು ಗಿಡಗಳ ಗುಂಪನ್ನು ನೋಡುತ್ತೇನೆ. ಒಂದೇ ಮಣ್ಣು, ಒಂದೇ ಗೊಬ್ಬರದ ಐದು ಕುಂಡಗಳಿದ್ದು ಐದೂ ಸರಿಸುಮಾರು ಒಟ್ಟಿಗೆ ಕೆಟ್ಟಿದ್ದರೆ ಮಣ್ಣು, ನೀರಿನ ಕಡೆ ಯೋಚಿಸಬೇಕು. ಒಂದು ಮೂಲೆಯ ಗಿಡದಲ್ಲಿ, ಅದರಲ್ಲೂ ಒಂದು ಟೊಂಗೆಯಲ್ಲಿ ಶುರುವಾಗಿ ಪಕ್ಕದ್ದಕ್ಕೆ ದಾಟಿದ್ದರೆ ಅದು ಜೀವಂತವಾದದ್ದೇನೋ ಇರಬೇಕು. ಕೊರತೆ ಕುಂಡದಿಂದ ಕುಂಡಕ್ಕೆ ನಡೆದುಹೋಗುವುದಿಲ್ಲ.

ಹಳ್ಳಿಯಲ್ಲಿ ಇನ್ನೊಂದು ಕಾರಣವನ್ನು ಕೇಳಿಯೇ ತಿಳಿಯಬೇಕು. ಎಲೆ ರಿಬ್ಬನ್ನಿನಂತೆ ಉದ್ದ, ಕಿರಿದು, ನರಗಳು ಒಂದಕ್ಕೊಂದು ಒತ್ತಾಗಿ, ಕಾಂಡ ತಿರುಚಿದ್ದರೆ, ‘ಪಕ್ಕದ ಹೊಲಕ್ಕೆ ಏನು ಹೊಡೆದರು?’ ಎಂದು ಕೇಳುತ್ತಿದ್ದೆ. 2,4-ಡಿ ಕಳೆನಾಶಕ ಗಾಳಿಗೆ ತೇಲಿ ಬಂದರೆ ಹೀಗಾಗುತ್ತದೆ. ಅದನ್ನು ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಮೆಣಸಿಗೆ ಬಳಸಿದರೂ ಅಷ್ಟೇ. ಉಳಿದ ತೊಟ್ಟು ಸಾಕು. ಇದು ಹರಡುವುದಿಲ್ಲ, ಗಾಳಿ ಬಂದ ಕಡೆಯ ಸಾಲುಗಳಲ್ಲಿ ಹೆಚ್ಚು, ದೂರ ಹೋದಂತೆ ಕಡಿಮೆ.

ಇಷ್ಟೆಲ್ಲ ನೋಡುವುದು ಔಷಧಿಯ ಸಲುವಾಗಿಯೇ. ಥ್ರಿಪ್ಸ್‌ಗೆ, ಬಿಳಿನೊಣಕ್ಕೆಂದು ಅಂಗಡಿಯವರು ಕೊಡುವ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ನುಸಿಗೆ ನಾಟುವುದಿಲ್ಲ. ನುಸಿಯನ್ನು ತಿನ್ನುವ ಕೀಟಗಳಿಗೆ ಮಾತ್ರ ಚೆನ್ನಾಗಿ ನಾಟುತ್ತದೆ. ಆಮೇಲೆ ನುಸಿ ಹೆಚ್ಚಾಗುತ್ತದೆ, ಇನ್ನೊಂದು ಬಾಟಲಿ ಬರುತ್ತದೆ. ನಮ್ಮ ಕಾಲದಲ್ಲಿ ನುಸಿಗೆ ಡೈಕೋಫಾಲ್ ಎನ್ನುತ್ತಿದ್ದರು. 2023ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು, ಒಳ್ಳೆಯದೇ ಆಯಿತು. ಹಳೆಯ ಡಬ್ಬಿ ಇನ್ನೂ ಯಾರದಾದರೂ ಅಟ್ಟದಲ್ಲಿದ್ದರೆ ಮುಟ್ಟಬೇಡಿ.

ಕುಂಡದ ಗಿಡಕ್ಕೆ ನಾನು ಹೇಳುವುದು ಇಷ್ಟು. ನುಸಿಯಾದರೆ ಮೊದಲು ಕೆಟ್ಟ ಕುಡಿಗಳನ್ನು ಎರಡು ಗೆಣ್ಣು ಕೆಳಗೆ ಕತ್ತರಿಸಿ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ ಎರಡರಿಂದ ಮೂರು ಗ್ರಾಂ, ಸಂಜೆ ಹೊತ್ತು, ಎಲೆಯ ತಳ ನೆನೆಯುವ ಹಾಗೆ. ವಾರ ಬಿಟ್ಟು ಮತ್ತೊಮ್ಮೆ, ಯಾಕೆಂದರೆ ಮೊಟ್ಟೆಗಳು ಮೊದಲ ಸಲಕ್ಕೆ ಉಳಿದಿರುತ್ತವೆ. ಬಿರುಬಿಸಿಲಿನಲ್ಲಿ ಗಂಧಕ ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದಿದ್ದರೆ ಎರಡು ವಾರವಾದರೂ ಗಂಧಕ ಬೇಡ, ಎರಡೂ ಸೇರಿದರೆ ಗಿಡಕ್ಕೇ ಕೇಡು. ಥ್ರಿಪ್ಸ್ ಆದರೆ ಬೇವಿನ ಎಣ್ಣೆ ಲೀಟರಿಗೆ ಐದು ಮಿಲಿಲೀಟರ್, ಕಲೆಯಲು ಸ್ವಲ್ಪ ಸೋಪಿನ ನೀರು. ವಿದೇಶದ ನರ್ಸರಿಗಳಲ್ಲಿ ನುಸಿ ಹತ್ತಿದ ಗಿಡವನ್ನು 43ರಿಂದ 49 ಡಿಗ್ರಿ ಬಿಸಿನೀರಿನಲ್ಲಿ ಕಾಲು ಗಂಟೆ ಮುಳುಗಿಸುವ ಕ್ರಮವೂ ಇದೆ. ಉಷ್ಣಮಾಪಕ ಇಲ್ಲದೆ ಗೀಸರ್ ನೀರಿನಲ್ಲಿ ಅದನ್ನು ಮಾಡಲು ಹೋಗಬೇಡಿ, ಸೊಪ್ಪು ಬೆಂದುಹೋಗುತ್ತದೆ.

ಹಳೆಯ ವಕ್ರ ಎಲೆ ಯಾವ ಮದ್ದಿಗೂ ನೆಟ್ಟಗಾಗುವುದಿಲ್ಲ, ಹಸಿರಾಗಿದ್ದರೆ ಗಿಡಕ್ಕೆ ಊಟ ಮಾಡಿಕೊಡುತ್ತಿರುತ್ತದೆ, ಇರಲಿ. ಕತ್ತರಿಸಿದ ಕುಡಿಗಳನ್ನು ಕುಂಡದ ಬುಡಕ್ಕೆ ಹಾಕಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗೆ ಕಳಿಸಿ. ಹೊಸ ಗಿಡ ಕೊಂಡರೆ ಎರಡು ವಾರ ಬೇರೆ ಕಿಟಕಿಯಲ್ಲಿಡಿ. ನೀರು ಹಾಕುವಾಗ ಚೆನ್ನಾಗಿರುವ ಗಿಡಗಳಿಂದ ಶುರುಮಾಡಿ, ಮುಟುರಿದ್ದು ಕೊನೆಗೆ, ಆಮೇಲೆ ಕೈ ತೊಳೆದು ಅಂಗಿ ಬದಲಿಸಿ.