ಎರಡನೆಯ ಸಲ ಬಂದ ಕರೆ

ಕೇರಳದ ಕುರವಿಲಂಗಾಡಿನಲ್ಲಿ ವರ್ಷಕ್ಕೊಮ್ಮೆ ನೆಲದ ಮೇಲೆ ಹಡಗು ಸಾಗುತ್ತದೆ! ಅಲ್ಲಿಯ ಪುರಾತನ ಇಗರ್ಜಿಯ ಉತ್ಸವದಲ್ಲಿ ಭಕ್ತರು ಹಡಗೊಂದರ ಪ್ರತಿಕೃತಿಯನ್ನು ಹೊತ್ತು, ಬಿರುಗಾಳಿಗೆ ಸಿಕ್ಕಂತೆ ಅದನ್ನು ಅತ್ತಿತ್ತ ತೂಗಾಡಿಸುತ್ತ ಮೆರವಣಿಗೆ ಹೊರಡುತ್ತಾರೆ. ಸುರಿಯಾನಿ ಕ್ರೈಸ್ತರು ಆಚರಿಸುವ ಮೂರು ದಿನಗಳ ವ್ರತದ ಅಂಗವಿದು. ಆ ಹಡಗು ಪ್ರವಾದಿ ಯೋನನದು. ದೇವರ ಮಾತನ್ನು ಮೀರಿ ಓಡಿದವನೊಬ್ಬನನ್ನು ನೆನೆಯಲು ಇಷ್ಟು ಶ್ರದ್ಧೆಯೇಕೆ?

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯೋನನ ಗ್ರಂಥಕ್ಕೆ 4 ಅಧ್ಯಾಯಗಳು ಮಾತ್ರ. ನಿನೆವೆ ಪಟ್ಟಣಕ್ಕೆ ಹೋಗಿ ಅಲ್ಲಿಯ ಜನರನ್ನು ಎಚ್ಚರಿಸೆಂದು ದೇವರು ಆಜ್ಞಾಪಿಸಿದನು. ನಿನೆವೆ ಇದ್ದದ್ದು ಪೂರ್ವಕ್ಕೆ. ಯೋನನಾದರೋ ಯೊಪ್ಪ ಬಂದರಿಗಿಳಿದು, ಪ್ರಯಾಣದ ಹಣ ತೆತ್ತು, ದೂರದ ತಾರ್ಷೀಷಿಗೆ ಹೊರಟ ಹಡಗನ್ನೇರಿದನು. ಇದು ಬರಿಯ ಹೇಡಿತನವಲ್ಲ. ನಿನೆವೆ ಅಸ್ಸೀರಿಯರ ಮಹಾನಗರ. ಅಸ್ಸೀರಿಯರು ಕ್ರಿ.ಪೂ. 722ರ ಸುಮಾರಿಗೆ ಇಸ್ರಾಯೇಲ್ ರಾಜ್ಯವನ್ನೇ ಅಳಿಸಿಹಾಕಿದವರು. ಅಂಥ ವೈರಿಗಳ ಊರಿಗೆ ಎಚ್ಚರಿಕೆಯನ್ನಾದರೂ ಏಕೆ ಒಯ್ಯಬೇಕು?

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. ಬಿರುಗಾಳಿ ಎದ್ದಿತು, ನಾವಿಕರು ಯೋನನನ್ನು ಸಮುದ್ರಕ್ಕೆ ಎಸೆದರು, ಮಹಾಮತ್ಸ್ಯವೊಂದು ಅವನನ್ನು ನುಂಗಿ, ಮೂರು ದಿನಗಳ ತರುವಾಯ ದಡಕ್ಕೆ ಉಗುಳಿತು. ಮತ್ಸ್ಯದ ಬೆರಗಿನಲ್ಲಿ ಮರೆಯಾಗುವ ಮಾತೊಂದು ಮೂರನೆಯ ಅಧ್ಯಾಯದ ಆರಂಭದಲ್ಲಿದೆ: ದೇವರ ಕರೆ ಅವನಿಗೆ ಎರಡನೆಯ ಸಲ ಬಂದಿತು. ಅದರಲ್ಲಿ ಹಳೆಯ ತಪ್ಪಿನ ಪ್ರಸ್ತಾಪವಿಲ್ಲ, ಮೂದಲಿಕೆಯಿಲ್ಲ. ಆದರೆ ರಿಯಾಯಿತಿಯೂ ಇಲ್ಲ! ಹೋಗಬೇಕಾದದ್ದು ಅದೇ ನಿನೆವೆಗೆ. ಕ್ಷಮೆ ದೊರೆತರೂ ಕೆಲಸ ಹಗುರವಾಗಲಿಲ್ಲ.

ಹೊಸ ಒಡಂಬಡಿಕೆಯ ಪೇತ್ರನದೂ ಇದೇ ಅನುಭವ. ಕೋಳಿ ಕೂಗುವ ಮೊದಲು ಮೂರು ಸಲ ತನ್ನ ಗುರುವನ್ನು ಅರಿಯೆನೆಂದವನನ್ನು, ಪುನರುತ್ಥಾನವಾದ ಯೇಸು ಗಲಿಲಾಯದ ಸರೋವರದ ದಡದಲ್ಲಿ ಮೂರು ಸಲ ಪ್ರಶ್ನಿಸಿ, ತನ್ನ ಕುರಿಗಳನ್ನು ಅವನಿಗೇ ಒಪ್ಪಿಸಿದನು. ಕ್ರೈಸ್ತ ಜೀವನದಲ್ಲಿ ಎರಡನೆಯ ಅವಕಾಶವೆಂದರೆ ಬಿಟ್ಟುಬಂದ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳುವುದು.

ಈ ಸಲ ಯೋನನು ಹೋದನು, ಸಾರಿದನು. ನಿನೆವೆಯ ಅರಸನು ಗೋಣಿತಟ್ಟನ್ನುಟ್ಟು ಬೂದಿಯಲ್ಲಿ ಕುಳಿತನು. ದನಕುರಿಗಳು ಸಹ ಮೇವು ಮುಟ್ಟದಂತೆ ಆಜ್ಞೆಯಾಯಿತು. ದೇವರು ಪಟ್ಟಣವನ್ನು ಉಳಿಸಿದನು. ಆಗ ಯೋನನಿಗೆ ಬಂದದ್ದು ಸಂತೋಷವಲ್ಲ, ಸಿಟ್ಟು! ತನಗೆ ದೊರೆತ ಎರಡನೆಯ ಅವಕಾಶ ವೈರಿಗೂ ದೊರೆಯುವುದನ್ನು ಅವನು ಸಹಿಸಲಾರದೆ ಹೋದನು. ಕಾಲುಗಳು ವಿಧೇಯವಾಗಿದ್ದವು, ಹೃದಯ ಮಾತ್ರ ಇನ್ನೂ ತಾರ್ಷೀಷಿನ ಹಡಗಿನಲ್ಲಿಯೇ ಇತ್ತು. ನೆರಳಿತ್ತ ಗಿಡವೊಂದು ಬಾಡಿದ್ದಕ್ಕೆ ಮರುಗಿದ ಅವನನ್ನು ದೇವರು ಕೇಳುತ್ತಾನೆ: 1,20,000ಕ್ಕೂ ಹೆಚ್ಚು ಜನರಿರುವ ಈ ಊರಿಗಾಗಿ ನಾನು ಮರುಗಬಾರದೇ? ಗ್ರಂಥ ಆ ಪ್ರಶ್ನೆಯೊಡನೆ ಮುಗಿಯುತ್ತದೆ. ಯೋನನ ಉತ್ತರ ಅಲ್ಲಿಲ್ಲ.

ಕ್ರಿ.ಪೂ. 612ರಲ್ಲಿ ನಿನೆವೆ ಬಿದ್ದಿತು. ಅದರ ಅವಶೇಷಗಳು ಇಂದಿನ ಇರಾಕಿನ ಮೋಸುಲ್ ನಗರದಲ್ಲಿವೆ. ಮುಸಲ್ಮಾನರಿಗೂ ಯೋನನು ಪೂಜ್ಯ. ಅವರು ಅವನನ್ನು ಯೂನುಸನೆಂದು ಕರೆಯುತ್ತಾರೆ. ಅವನ ಸಮಾಧಿಯೆಂದು ನಂಬಲಾಗಿದ್ದ ಅಲ್ಲಿಯ ಮಸೀದಿಯನ್ನು 2014ರ ಜುಲೈಯಲ್ಲಿ ಉಗ್ರರು ಸ್ಫೋಟಿಸಿದರು. ಅದೇ ವರ್ಷ ಆ ನಾಡಿನ ಕ್ರೈಸ್ತರೂ ಮನೆಮಠ ಬಿಟ್ಟು ಓಡಬೇಕಾಯಿತು. ಅವರ ಪರಂಪರೆಯಲ್ಲಿಯೂ ನಿನೆವೆಯ ಹೆಸರಿನ ಮೂರು ದಿನಗಳ ಉಪವಾಸವುಂಟು. ಮನೆ ಕಳೆದುಕೊಂಡವರಿಗೆ ವೈರಿಯನ್ನು ಕುರಿತ ಆ ಪ್ರಶ್ನೆ ಎಷ್ಟು ಕಠಿನವೆಂದು ಬೇರೆ ಹೇಳಬೇಕಾಗಿಲ್ಲ.

ದೇವರು ನಮ್ಮನ್ನು ಮತ್ತೊಮ್ಮೆ ಕರೆದರೆ ಸಾಕೆಂದು ಪ್ರಾರ್ಥಿಸುವವರು ಅನೇಕರು. ನಮಗಾಗದವರನ್ನೂ ಅವನು ಮತ್ತೊಮ್ಮೆ ಕರೆದಾಗ ನಮ್ಮ ಮುಖ ಹೇಗಿರುತ್ತದೆ? ವಿಧೇಯತೆಯ ನಿಜವಾದ ಪರೀಕ್ಷೆ ಅಲ್ಲಿಯೇ ಇದೆ.