ಸಂಬಳವಿಲ್ಲದ ಅಧ್ಯಕ್ಷಗಿರಿ: ಕುದ್ರೋಳಿಯ ಇತಿಹಾಸ ಹೇಳುವ ಪಾಠ

ವೈದ್ಯರು, ವಕೀಲರು, ಎಂಜಿನಿಯರುಗಳು, ಲೆಕ್ಕಪರಿಶೋಧಕರು, ವರ್ತಕರು ಹೀಗೆ ಯಾವುದೇ ವೃತ್ತಿಪರ ಸಂಘದ ವಾರ್ಷಿಕ ಮಹಾಸಭೆಗೆ ಹೋದರೂ ಒಂದು ಸಂಗತಿ ಗಮನಕ್ಕೆ ಬರುತ್ತದೆ. ವರದಿ ವಾಚನ, ಲೆಕ್ಕಪತ್ರ ಮಂಡನೆ, ಸನ್ಮಾನಗಳೆಲ್ಲ ಸಾಂಗವಾಗಿ ನೆರವೇರುತ್ತವೆ. ಮುಂದಿನ ಸಾಲಿನ ಪದಾಧಿಕಾರಿಗಳ ಆಯ್ಕೆ ಎಂದೊಡನೆ ಸಭೆ ಮೌನವಾಗುತ್ತದೆ. 'ನನಗೆ ಪುರುಸೊತ್ತಿಲ್ಲ', 'ಈ ಸಲವೂ ನೀವೇ ಮುಂದುವರಿಯಿರಿ' ಎಂಬ ಮಾತುಗಳು ಕೇಳಿಬರುತ್ತವೆ. ಕೆಲವು ಸಂಘಗಳಲ್ಲಿ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದು ಕುರ್ಚಿಗೆ ಮೂರು ಗುಂಪುಗಳು ಕಾದಾಡಿ ನ್ಯಾಯಾಲಯದ ಮೆಟ್ಟಿಲೇರುತ್ತವೆ. ಸಂಬಳವಿಲ್ಲದ ಈ ಹುದ್ದೆ ಏನನ್ನು ಕೊಡುತ್ತದೆ, ಪ್ರತಿಯಾಗಿ ಏನನ್ನು ಕೇಳುತ್ತದೆ ಎಂಬ ಬಗ್ಗೆ ಸ್ಪಷ್ಟ ಕಲ್ಪನೆ ಇಲ್ಲದಿರುವುದೇ ಎರಡಕ್ಕೂ ಕಾರಣ.

ಈ ಪ್ರಶ್ನೆಗೆ ಉತ್ತರ ಹುಡುಕುವವರು ಮಂಗಳೂರಿನ ಕುದ್ರೋಳಿಯ ಇತಿಹಾಸದತ್ತ ಒಮ್ಮೆ ನೋಡುವುದು ಒಳ್ಳೆಯದು. ದಸರಾ ಮೆರವಣಿಗೆಯಿಂದ ಇಂದು ರಾಜ್ಯಕ್ಕೆಲ್ಲ ಪರಿಚಿತವಾಗಿರುವ ಇಲ್ಲಿನ ಗೋಕರ್ಣನಾಥೇಶ್ವರ ಕ್ಷೇತ್ರ ವೃತ್ತಿಪರ ಸಂಘವಲ್ಲ, ನಿಜ. ಆದರೆ ಮೂರ್ತೆಗಾರಿಕೆಯನ್ನು, ಅಂದರೆ ಮರದಿಂದ ಶೇಂದಿ ಇಳಿಸುವುದನ್ನು, ಪಾರಂಪರಿಕ ಕಸುಬುಗಳಲ್ಲೊಂದಾಗಿ ಹೊಂದಿದ್ದ ಬಿಲ್ಲವ ಸಮುದಾಯ ಸಂಘಟಿತವಾಗಿ ತನ್ನ ಘನತೆಯನ್ನು ಕಟ್ಟಿಕೊಂಡ ತಾಣ ಇದು. ಕರಾವಳಿಯಲ್ಲಿ ಮೂರ್ತೆದಾರರ ಹೆಸರಿನಲ್ಲಿಯೇ ಸಹಕಾರಿ ಸಂಘಗಳು ಹುಟ್ಟಿ ಠೇವಣಿ, ಸಾಲದ ವ್ಯವಹಾರ ನಡೆಸುವಷ್ಟು ಬೆಳೆದಿವೆ. ಕಸುಬಿನ ಬಂಧ ಸಂಘಟನೆಯಾಗಿ ಮಾರ್ಪಡುವ ಬಗೆಯನ್ನು ಅರಿಯಲು ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಸ್ವಂತ ಕೆಲಸ ಬದಿಗಿಟ್ಟವರು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಲ್ಲವರಿಗೆ ದೇವಾಲಯಗಳಲ್ಲಿ ಮುಕ್ತ ಪ್ರವೇಶವಿರಲಿಲ್ಲ. ಆಗ ಸಮುದಾಯದ ಮುಂದಾಳತ್ವ ವಹಿಸಿದವರು ಮಂಗಳೂರಿನ ಹೊಯಿಗೆ ಬಜಾರಿನ ಉದ್ಯಮಿ ಸಾಹುಕಾರ್ ಕೊರಗಪ್ಪನವರು. ಅವರ ನೇತೃತ್ವದಲ್ಲಿ ಸಮುದಾಯದ ಪ್ರಮುಖರು ಕೇರಳದ ನಾರಾಯಣ ಗುರುಗಳನ್ನು ಆಹ್ವಾನಿಸಿದರು. 1908ರಲ್ಲಿ ಮಂಗಳೂರಿಗೆ ಬಂದ ಗುರುಗಳ ಮಾರ್ಗದರ್ಶನದಲ್ಲಿ ಕುದ್ರೋಳಿಯ ಸ್ಥಳ ಆಯ್ಕೆಯಾಯಿತು. 1912ರಲ್ಲಿ ಅಲ್ಲಿ ಶಿವಲಿಂಗದ ಪ್ರತಿಷ್ಠೆ ನಡೆಯಿತು. ಈ ನಾಲ್ಕು ವರ್ಷಗಳ ಅಂತರವನ್ನು ಗಮನಿಸಬೇಕು. ಸ್ವಯಂಸೇವೆಯ ಕೆಲಸ ಘೋಷಣೆಯ ದಿನಕ್ಕೇ ಮುಗಿಯುವುದಿಲ್ಲ. ಹಣ ಕೂಡಿಸುವುದು, ಭಿನ್ನಾಭಿಪ್ರಾಯ ಬಗೆಹರಿಸುವುದು, ಕಟ್ಟಡ ಮೇಲೆದ್ದು ನಿಲ್ಲುವ ತನಕ ಜನರನ್ನು ಜತೆಗಿಟ್ಟುಕೊಳ್ಳುವುದು ಇವೆಲ್ಲ ಆ ಬಳಿಕ ಆರಂಭವಾಗುತ್ತವೆ.

ನಾರಾಯಣ ಗುರುಗಳು ಅಧ್ಯಕ್ಷರಾಗಿದ್ದ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಕೇರಳದಲ್ಲಿ ಸ್ಥಾಪನೆಯಾದದ್ದು 1903ರಲ್ಲಿ. ಅದರ ಹಿಂದಿನ ಪ್ರಮುಖ ಪ್ರೇರಕ ಶಕ್ತಿ ಡಾ. ಪಲ್ಪು. ಜಾತಿಯ ಕಾರಣಕ್ಕಾಗಿ ತಿರುವಾಂಕೂರು ಸಂಸ್ಥಾನದಲ್ಲಿ ಉದ್ಯೋಗ ಸಿಗದ ಈ ವೈದ್ಯರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಬೆಂಗಳೂರಿನಲ್ಲಿ ಪ್ಲೇಗ್ ಹಬ್ಬಿದ್ದಾಗ ರೋಗಿಗಳ ನಡುವೆ ದುಡಿದರು. ಆ ವೃತ್ತಿಯ ನಡುವೆಯೇ ತಮ್ಮ ಜನರ ಸಂಘಟನೆಗಾಗಿ ಶ್ರಮಿಸಿದರು. ಯೋಗಂನ ಮೊದಲ ಕಾರ್ಯದರ್ಶಿಯಾದವರು ಮಲಯಾಳದ ಕವಿ ಕುಮಾರನ್ ಆಶಾನ್. ಕವಿಯೊಬ್ಬರು ನಡಾವಳಿ ಪುಸ್ತಕ, ಪತ್ರವ್ಯವಹಾರ, ಚಂದಾ ಲೆಕ್ಕಗಳ ನಡುವೆ ಹತ್ತು ವರ್ಷಗಳಿಗೂ ಮೀರಿ ಕಳೆದರು ಎಂಬುದನ್ನು ಕಾರ್ಯದರ್ಶಿ ಹುದ್ದೆಯನ್ನು ಗುಮಾಸ್ತಿಕೆ ಎಂದು ಹಗುರವಾಗಿ ಕಾಣುವವರು ನೆನಪಿಡಬೇಕು.

ಅವಿಭಜಿತ ದಕ್ಷಿಣ ಕನ್ನಡದ ವೃತ್ತಿನಿರತರಲ್ಲಿ ಈ ಪರಂಪರೆ ಗಟ್ಟಿಯಾಗಿಯೇ ಇತ್ತು. ವಕೀಲರಾಗಿದ್ದ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತರ ಶಿಕ್ಷಣ ಮತ್ತು ಉದ್ಧಾರಕ್ಕಾಗಿ ಸಂಸ್ಥೆ ಕಟ್ಟಿದರು. ಇನ್ನೊಬ್ಬ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಆರಂಭಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರು 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು.

ದೊರೆಯುವ ಫಲವೇನು?

ಇಂಥ ಹುದ್ದೆಯಿಂದ ಏನೂ ಲಾಭವಿಲ್ಲ ಎನ್ನುವುದು ಪ್ರಾಮಾಣಿಕ ಮಾತಲ್ಲ. ಮೊದಲ ಲಾಭ ಅನುಭವ. ತನ್ನ ಕಚೇರಿಯಲ್ಲಿ ಸಂಬಳ ಪಡೆಯುವವರಿಗೆ ಆಜ್ಞೆ ಮಾಡುವುದು ಸುಲಭ. ಸಂಘದಲ್ಲಿ ಎಲ್ಲರೂ ಸಮಾನರು. ಅಲ್ಲಿ ಮಾತಿನಿಂದ ಮನವೊಲಿಸಬೇಕೇ ಹೊರತು ಅಧಿಕಾರದಿಂದ ಕೆಲಸ ನಡೆಯದು. ಎರಡನೆಯದು ವಿಶಾಲ ಪರಿಚಯ. ಬೇರೆ ಊರು, ಬೇರೆ ತಲೆಮಾರಿನ ಸಹೋದ್ಯೋಗಿಗಳ ಕಷ್ಟಸುಖ ಅರಿವಿಗೆ ಬರುತ್ತದೆ. ಮೂರನೆಯದು ಮನ್ನಣೆ. ಒಬ್ಬ ವೈದ್ಯ ಅಥವಾ ಒಬ್ಬ ವರ್ತಕ ಕೊಟ್ಟ ಮನವಿ ಕಡತದಲ್ಲಿ ಉಳಿಯಬಹುದು. ಸಂಘದ ಅಧ್ಯಕ್ಷ ಕೊಟ್ಟ ಮನವಿಗೆ ಸರಕಾರ ಕಿವಿಗೊಡುವ ಸಾಧ್ಯತೆ ಹೆಚ್ಚು.

ಎಡವುವುದೂ ಇಲ್ಲಿಯೇ. ಆ ಮನ್ನಣೆ ಕುರ್ಚಿಯಲ್ಲಿ ಕುಳಿತ ವ್ಯಕ್ತಿಗಲ್ಲ, ಬೆನ್ನ ಹಿಂದೆ ನಿಂತ ಸದಸ್ಯರಿಗೆ ಸಲ್ಲುವಂಥದ್ದು. ಅದನ್ನು ಸ್ವಂತ ವ್ಯಾಪಾರಕ್ಕೆ, ರಾಜಕೀಯ ಟಿಕೆಟಿಗೆ ಅಥವಾ ಬಂಧುಗಳ ಗುತ್ತಿಗೆಗೆ ಬಳಸಿಕೊಂಡ ದಿನವೇ ಸಂಘದ ಮೇಲಿನ ನಂಬಿಕೆ ಕರಗತೊಡಗುತ್ತದೆ.

ಹೊಣೆಯ ಪಟ್ಟಿ

ಹೊಣೆಗಳಲ್ಲಿ ಮೊದಲನೆಯದು ಲೆಕ್ಕ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ನೋಂದಾಯಿತ ಸಂಘ ಪ್ರತಿವರ್ಷ ಮಹಾಸಭೆ ನಡೆಸಬೇಕು. ಸಭೆಯ ಬಳಿಕ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ ಹಾಗೂ ಪರಿಶೋಧಿತ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆಡಳಿತ ಹದಗೆಟ್ಟರೆ ವಿಚಾರಣೆ ನಡೆಸಲು, ಕೊನೆಗೆ ಆಡಳಿತಾಧಿಕಾರಿಯನ್ನು ನೇಮಿಸಲು ಕಾನೂನಿನಲ್ಲಿ ಅವಕಾಶವಿದೆ. ಸಂಬಳ ಪಡೆಯುವುದಿಲ್ಲ ಎಂಬುದು ಲೆಕ್ಕ ಕೊಡದಿರಲು ರಿಯಾಯಿತಿಯಲ್ಲ. ಬೇರೆಯವರ ಚಂದಾ ಹಣ ಕೈಯಲ್ಲಿರುವಾಗ ಲೆಕ್ಕ ಇನ್ನಷ್ಟು ಬಿಗಿಯಾಗಿರಬೇಕು.

ಎರಡನೆಯದು ಸಭೆ ನಡೆಸುವ ಕ್ರಮ. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ರಾಬರ್ಟ್ ಅವರಿಗೆ 1863ರಲ್ಲಿ ಸಾರ್ವಜನಿಕ ಸಭೆಯೊಂದರ ಅಧ್ಯಕ್ಷತೆ ವಹಿಸುವ ಸಂದರ್ಭ ಬಂತು. ಸಭೆಯನ್ನು ಹತೋಟಿಯಲ್ಲಿಡಲಾಗದೆ ಅವರು ಮುಜುಗರಕ್ಕೊಳಗಾದರು. ಆ ಕೊರತೆಯನ್ನು ನೀಗಿಕೊಳ್ಳಲು ನಡೆಸಿದ ಅಧ್ಯಯನದ ಫಲವಾಗಿ 1876ರಲ್ಲಿ ಸಭಾ ನಿಯಮಗಳ ಪುಸ್ತಕ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ವಿರೋಧಿಸುವವನಿಗೂ ಮಾತನಾಡಲು ಸಮಯ ಕೊಡುವುದು, ತೀರ್ಮಾನವನ್ನು ಯಥಾವತ್ತಾಗಿ ನಡಾವಳಿಯಲ್ಲಿ ದಾಖಲಿಸುವುದು ಸಣ್ಣ ಕೆಲಸಗಳಂತೆ ಕಾಣುತ್ತವೆ. ಸಂಘಗಳ ಜಗಳ ಬಹುಪಾಲು ಹುಟ್ಟುವುದು ಇವನ್ನು ಕಡೆಗಣಿಸಿದಾಗ.

ಮೂರನೆಯದು, ಸಭೆಗೆ ಬಾರದವರನ್ನು ನೆನಪಿಡುವುದು. ತಾಲೂಕು ಕೇಂದ್ರದ ಕಿರಿಯ ವಕೀಲ, ರಾತ್ರಿ ಪಾಳಿಯ ದಾದಿ, ವೃತ್ತಿಗೆ ಹೊಸದಾಗಿ ಬಂದ ಮಹಿಳೆ ಇವರ ಧ್ವನಿ ಮೊದಲ ಸಾಲಿನಲ್ಲಿ ಕೇಳಿಸುವುದಿಲ್ಲ. ಇಲ್ಲಿಯೂ ಕುದ್ರೋಳಿಯಿಂದ ಕಲಿಯುವುದಿದೆ. ವೃತ್ತಿಯಿಂದ ವಕೀಲರೂ ಕೇಂದ್ರದ ಮಾಜಿ ಸಚಿವರೂ ಆದ ಬಿ. ಜನಾರ್ದನ ಪೂಜಾರಿಯವರ ಮುಂದಾಳತ್ವದಲ್ಲಿ ಈ ಕ್ಷೇತ್ರದ ನವೀಕರಣ ನಡೆದು, 1991ರಲ್ಲಿ ರಾಜೀವ್ ಗಾಂಧಿ ಅದನ್ನು ಉದ್ಘಾಟಿಸಿದರು. 2013ರಲ್ಲಿ ಇಬ್ಬರು ವಿಧವೆಯರನ್ನು ಇಲ್ಲಿ ಅರ್ಚಕರಾಗಿ ನೇಮಿಸಲಾಯಿತು. ಬಾಗಿಲ ಹೊರಗೆ ನಿಂತವರಿಗಾಗಿಯೇ ಹುಟ್ಟಿದ ಸಂಸ್ಥೆ, ಒಂದು ಶತಮಾನದ ನಂತರ, ಇನ್ನೂ ಹೊರಗೇ ಉಳಿದಿದ್ದವರನ್ನು ಒಳಗೆ ಕರೆಯಿತು.

ಎಲ್ಲಕ್ಕಿಂತ ಕಠಿಣವಾದದ್ದು ನಾಲ್ಕನೆಯದು, ಸಕಾಲದಲ್ಲಿ ಕುರ್ಚಿ ಬಿಡುವುದು. 'ನಾನಿಲ್ಲದಿದ್ದರೆ ಸಂಘ ನಡೆಯದು' ಎನ್ನುವ ಅಧ್ಯಕ್ಷ ಹೆಮ್ಮೆಯಿಂದ ಹೇಳುತ್ತಿರುವುದು ತನ್ನ ವೈಫಲ್ಯವನ್ನೇ. ನಾರಾಯಣ ಗುರುಗಳು 1928ರಲ್ಲಿ ತೀರಿಕೊಂಡರು. ಕೊರಗಪ್ಪನವರ ಪೀಳಿಗೆಯೂ ಸರಿದುಹೋಯಿತು. ಕುದ್ರೋಳಿ ನಿಲ್ಲಲಿಲ್ಲ, ಮುಂದಿನ ಪೀಳಿಗೆಯ ಕೈಯಲ್ಲಿ ಇನ್ನಷ್ಟು ಬೆಳೆಯಿತು. ಉಪಾಧ್ಯಕ್ಷ, ಜತೆ ಕಾರ್ಯದರ್ಶಿ ಹುದ್ದೆಗಳು ಹೆಸರಿಗಷ್ಟೇ ಉಳಿಯದೆ ಮುಂದಿನವರನ್ನು ತರಬೇತುಗೊಳಿಸುವ ಪಾಠಶಾಲೆಗಳಾಗಬೇಕು. ಕಡತ, ಬ್ಯಾಂಕ್ ಖಾತೆ, ಸದಸ್ಯರ ಪಟ್ಟಿ ಇವೆಲ್ಲ ಒಬ್ಬರ ಮನೆಯ ಕಪಾಟಿನಲ್ಲಿರದೆ ಸಂಘದ ಕಚೇರಿಯಲ್ಲಿರಬೇಕು.

ಮುಂದಿನ ಮಹಾಸಭೆಯಲ್ಲಿ ತಮ್ಮ ಹೆಸರು ಸೂಚಿಸಲ್ಪಟ್ಟಾಗ 'ಇದರಿಂದ ನನಗೇನು?' ಎಂದು ಕೇಳಿಕೊಳ್ಳುವುದು ತಪ್ಪಲ್ಲ. ಅನುಭವ, ಸ್ನೇಹ, ಗೌರವ ಎಲ್ಲವೂ ಸಿಗುತ್ತವೆ. ಅದರ ಜತೆಗೆ, ತಮಗಿಂತ ಮೊದಲು ಯಾರೋ ಸಂಬಳವಿಲ್ಲದೆ ದುಡಿದುದರಿಂದಲೇ ಇಂದು ತಮಗೆ ಸೇರಲು ಒಂದು ಸಂಘವಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಉತ್ತರಿಸಬೇಕು.